ಪರದೆಯೊಳಗಿನ ನೀರು, ಬೆಳಕು, ಕಲ್ಲು

"ಗ್ರಾಫಿಕ್ಸ್ ಭಾರಿ ಅದಾವಲೇ!" ಕಾಲೇಜಿಗೆ ಬರುವ ಬಸ್ಸಿನ ಹಿಂದಿನ ಸೀಟಿನಿಂದ ಈ ಮಾತು ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತದೆ. ಏನು ಭಾರಿ, ಯಾಕೆ ಭಾರಿ ಎಂದು ಕೇಳಿದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಗೊತ್ತಾದಷ್ಟನ್ನು ಇಲ್ಲಿ ಹೇಳುತ್ತೇನೆ. ನಾನು ಗೇಮ್ ಆಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಮನೆಯಲ್ಲಿ ರಿಮೋಟ್ ಯಾವಾಗಲೂ ಭಾಯಿಯ ಕೈಯಲ್ಲಿ. ಆಡುವವನ ಕಣ್ಣು ಶತ್ರುವಿನ ಮೇಲಿದ್ದರೆ, ಪಕ್ಕದಲ್ಲಿ ಸುಮ್ಮನೆ ಕುಳಿತವಳಿಗೆ ಮೋಡ, ನೀರು, ಗೋಡೆಗಳನ್ನು ನೋಡಲು ಬೇಕಾದಷ್ಟು ಪುರುಸೊತ್ತು ಇರುತ್ತದೆ.

ನನ್ನ ಮೊದಲ ಬೆರಗು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಕೊಂಡ ಟಿವಿ ಗೇಮಿನಲ್ಲಿ ಸಿಕ್ಕಿತು. ಕ್ಯಾಸೆಟ್ ಮೇಲೆ 9999 ಆಟ ಎಂದು ಬರೆದಿತ್ತು. ಒಳಗಿದ್ದವು ಹತ್ತೋ ಹನ್ನೆರಡೋ, ಅವೇ ತಿರುಗಿ ತಿರುಗಿ ಬರುತ್ತಿದ್ದವು. ಅದರಲ್ಲಿ ಮಾರಿಯೋ ಇತ್ತು. ಒಂದು ದಿನ ಗಮನಿಸಿದೆ: ಮೇಲಿನ ಬಿಳಿ ಮೋಡ ಮತ್ತು ಕೆಳಗಿನ ಹಸಿರು ಪೊದೆ ಎರಡೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ! 1985ರ ಆ 'ಸೂಪರ್ ಮಾರಿಯೋ ಬ್ರದರ್ಸ್' ಇಡೀ ಆಟ ಸುಮಾರು 40 ಕಿಲೋಬೈಟ್. ನಾವು ವಾಟ್ಸಾಪಿನಲ್ಲಿ ಕಳಿಸುವ ಒಂದು ಫೋಟೊ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಸಾಲದಿದ್ದಾಗ ಒಂದೇ ಚಿತ್ರಕ್ಕೆ ಎರಡು ಬಣ್ಣ ಹಚ್ಚಿ ಆಕಾಶವನ್ನೂ ನೆಲವನ್ನೂ ತುಂಬಿದ್ದರು. ಹಳೆಯ ಸೀರೆಯಲ್ಲಿ ಕೌದಿ ಹೊಲಿದ ಹಾಗೆ.

ಈ ಉಪಾಯ ಗೊತ್ತಾದ ಮೇಲೆ ಆಟದ ರುಚಿ ಕೆಡಲಿಲ್ಲ, ಹೆಚ್ಚಾಯಿತು. ಅಂದಿನಿಂದ ಯಾವ ಗೇಮ್ ನೋಡಿದರೂ ಇಲ್ಲಿ ಏನು ಸಾಲದೆ ಬಂದಿದೆ, ಅದನ್ನು ಹೇಗೆ ಮರೆಮಾಡಿದ್ದಾರೆ ಎಂದೇ ಹುಡುಕುತ್ತೇನೆ.

ಮೊಬೈಲಿನಲ್ಲಿ ಪಬ್‌ಜಿ ಆಡಿದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಹುಲ್ಲಿನಲ್ಲಿ ಮಲಗಿ, ನಾನು ಯಾರಿಗೂ ಕಾಣುವುದಿಲ್ಲ ಎಂದುಕೊಂಡಿರುತ್ತೀರಿ. ದೂರದಿಂದ ಗುಂಡು ಬಂದು ತಾಗುತ್ತದೆ. ಕಾರಣ ಸರಳ: ದೂರದ ಹುಲ್ಲನ್ನು ಫೋನು ಬಿಡಿಸುವುದೇ ಇಲ್ಲ. ನಿಮ್ಮ ಪರದೆಯಲ್ಲಿ ನಿಮ್ಮ ಸುತ್ತ ಹುಲ್ಲಿದೆ, ಎದುರಾಳಿಯ ಪರದೆಯಲ್ಲಿ ನೀವು ಬಯಲಿನಲ್ಲಿ ಬಿದ್ದಿದ್ದೀರಿ. ಇದು ಮೋಸವಲ್ಲ, ಲೆಕ್ಕ. ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ 20,73,600 ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣ ನಿರ್ಧಾರವಾಗಬೇಕು. ಎಲ್ಲಿ ಉಳಿಸಬಹುದೋ ಅಲ್ಲಿ ಉಳಿಸಲೇಬೇಕು.

ಆ ಬಣ್ಣ ನಿರ್ಧಾರವಾಗುವುದು ಹೇಗೆ? ಇಲ್ಲಿ ನಮ್ಮ ದ್ವಿತೀಯ ಪಿಯುಸಿ ಗಣಿತ ಬರುತ್ತದೆ. ಗೇಮಿನ ಮರ, ಮನೆ, ಮನುಷ್ಯ ಎಲ್ಲವೂ ಸಣ್ಣ ಸಣ್ಣ ತ್ರಿಕೋನಗಳಿಂದ ಆಗಿವೆ. ತ್ರಿಕೋನವೇ ಯಾಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಮೂರು ಕಾಲಿನ ಸ್ಟೂಲ್ ಅಲುಗಾಡದಿರುವುದೂ ಇದಕ್ಕೇ. ನೀವು ತಿರುಗಿದಾಗಲೆಲ್ಲ ಆ ತ್ರಿಕೋನಗಳ ಒಂದೊಂದು ಮೂಲೆಯನ್ನೂ ಒಂದು ಮ್ಯಾಟ್ರಿಕ್ಸಿನಿಂದ ಗುಣಿಸಿ ಹೊಸ ಜಾಗದಲ್ಲಿ ಇಡಲಾಗುತ್ತದೆ. ಇನ್ನು ಬೆಳಕು. ಮಧ್ಯಾಹ್ನದ ಬಿಸಿಲು ಮಾಳಿಗೆಗೆ ನೇರವಾಗಿ ಬೀಳುತ್ತದೆ, ಸಂಜೆಯದು ಓರೆಯಾಗಿ. ಎಷ್ಟು ಓರೆಯೋ ಅಷ್ಟು ಮಂಕು. ಮೇಲ್ಮೈಗೆ ಲಂಬವಾಗಿ ನಿಂತ ಒಂದು ವೆಕ್ಟರ್, ಬೆಳಕಿನ ದಿಕ್ಕಿನ ಒಂದು ವೆಕ್ಟರ್, ಎರಡರ ಡಾಟ್ ಪ್ರಾಡಕ್ಟ್ ತೆಗೆದರೆ ಆ ಜಾಗ ಎಷ್ಟು ಬೆಳಗಬೇಕು ಎಂಬ ಸಂಖ್ಯೆ ಸಿಗುತ್ತದೆ. "ಈ ವೆಕ್ಟರ್ ಪಾಠ ಎದಕ್ಕ ಬರ್ತೈತಿ?" ಎಂದು ಗೊಣಗುವ ನನ್ನ ಬೆಂಚಿನ ಗೆಳತಿಗೆ ಇದನ್ನು ಎರಡು ಸಲ ಹೇಳಿದ್ದೇನೆ.

ನೀರಿನ ವಿಷಯಕ್ಕೆ ಬರೋಣ. ಗೇಮಿನಲ್ಲಿ ನೀರು ನಿಜವೆನಿಸಿದರೆ ಅದರ ಹಿಂದೆ ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿಯ ಲೆಕ್ಕ ಇರುತ್ತದೆ. ಮುನಿರಾಬಾದಿನ ಎಡದಂಡೆ ಕಾಲುವೆಯ ಪಕ್ಕ ನಿಂತು ನೀವೇ ಪರೀಕ್ಷಿಸಬಹುದು (ದಡದಿಂದ ದೂರ ನಿಂತು, ದಯವಿಟ್ಟು). ನೀರು ತಿಳಿಯಾಗಿದ್ದ ದಿನ ಕಾಲ ಹತ್ತಿರ ನೇರವಾಗಿ ಕೆಳಗೆ ನೋಡಿದರೆ ನೀರಿನೊಳಗಿನದು ಕಾಣುತ್ತದೆ. ದೂರದ ನೀರನ್ನು ಓರೆಯಾಗಿ ನೋಡಿದರೆ ಬರೀ ಆಕಾಶ ಕಾಣುತ್ತದೆ. ನೋಡುವ ಕೋನ ಓರೆಯಾದಂತೆ ಪ್ರತಿಫಲನ ಹೆಚ್ಚುತ್ತದೆ. ಇದನ್ನು ಬಿಟ್ಟರೆ ಗೇಮಿನ ನೀರು ನೀಲಿ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ. ಬೆಳಗಿನ ಜಾವ ನಮ್ಮ ಹೆದ್ದಾರಿಯ ದೂಳಿನಲ್ಲಿ ಲಾರಿಯ ಹೆಡ್‌ಲೈಟು ಕೋಲಿನಂತೆ ಉದ್ದಕ್ಕೆ ಕಾಣುತ್ತದಲ್ಲ, ಅದನ್ನೂ ಗೇಮಿನವರು ಲೆಕ್ಕ ಹಾಕಿ ತರುತ್ತಾರೆ. ನಮಗೆ ಆ ದೂಳು ಕೆಮ್ಮು ತರುತ್ತದೆ, ಅವರಿಗೆ ಅಂದ.

ಆದರೆ ನಾನು ನಿಜವಾಗಿ ಉಸಿರು ಬಿಗಿಹಿಡಿದದ್ದು ಹೊಸಪೇಟೆಯಲ್ಲಿ, ಖಾಲಾ ಅವರ ಮನೆಯಲ್ಲಿ. ಅವರ ಮಗ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಹಚ್ಚಿದ್ದ. ಅಮೆರಿಕದ ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಕಂಪನಿ 2017ರಲ್ಲಿ ತಂದ ಆಟ. ಇಬ್ಬರು ಹೆಣ್ಣುಮಕ್ಕಳು ಜೀಪಿನಲ್ಲಿ ಹೋಗುತ್ತಾರೆ, ಚಕ್ರಕ್ಕೆ ಕೆಸರು ಮೆತ್ತುತ್ತದೆ. ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಕೇಳಿದೆ. "ನಮ್ಮ ಕರ್ನಾಟಕಕ್ಕೇ! ಹೊಯ್ಸಳರ ನಿಧಿ ಹುಡುಕಾಕ" ಎಂದ. ನಾನು ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಆ ಹೆಣ್ಣುಮಕ್ಕಳ ಬಾಯಲ್ಲೇ ಹಳೇಬೀಡು, ಬೇಲೂರು ಎಂಬ ಹೆಸರುಗಳು ಬಂದವು. ಪಶ್ಚಿಮ ಘಟ್ಟದ ಹಸಿರು, ಜಲಪಾತ, ಪಾಚಿ ಹಿಡಿದ ಕಂಬಗಳು.

ಹೈಸ್ಕೂಲಿನ ಪ್ರವಾಸದಲ್ಲಿ ನಾನು ಹಳೇಬೀಡನ್ನು ನೋಡಿದ್ದೆ. ಅಲ್ಲಿ ಪ್ರಪಾತವಿಲ್ಲ, ಜಲಪಾತವಿಲ್ಲ, ಗುಡಿಯ ಮುಂದೆ ಹುಲ್ಲುಹಾಸು, ಪಕ್ಕದಲ್ಲಿ ದೋರಸಮುದ್ರದ ಕೆರೆ. ಆಟದಲ್ಲಿರುವಂಥ ಬೆಟ್ಟದೆತ್ತರದ ಮೂರ್ತಿಗಳನ್ನು ಹೊಯ್ಸಳರು ಮಾಡಲಿಲ್ಲ. ಅವರ ಹೆಚ್ಚುಗಾರಿಕೆ ಇರುವುದು ಬಳಪದ ಕಲ್ಲಿನ ಸಣ್ಣ ಕೆತ್ತನೆಯಲ್ಲಿ, ಬೆರಳುಗುರಿನಷ್ಟು ಮಣಿಯಲ್ಲಿ. ಹಾಗಾಗಿ ಆ ಆಟ ನಮ್ಮ ಊರುಗಳ ಚಿತ್ರವಲ್ಲ, ಬೇರೆಯವರು ಕಂಡ ಕನಸು. ಆದರೂ ಗೋಡೆಯ ಮೇಲೆ ಟಾರ್ಚಿನ ಬೆಳಕು ಹರಿದಾಗ ಕೆತ್ತನೆಯ ನೆರಳು ಸರಿದ ರೀತಿ ಇದೆಯಲ್ಲ, ಅದು ಮಾತ್ರ ಅಸಲಿ!

ಇಂಥ ಗೋಡೆಗಳಿಗೆ ಗೇಮಿನವರು ಬಳಸುವ ಒಂದು ಉಪಾಯ ಕೇಳಿ. ಅಂಗಡಿಯಲ್ಲಿ ಕಲ್ಲಿನ ಚಿತ್ರವಿರುವ ಟೈಲ್ಸ್ ಸಿಗುತ್ತದೆ. ಅದರ ಮೇಲೆ ದೀಪ ಆಡಿಸಿದರೆ ನೆರಳು ಅಲುಗುವುದಿಲ್ಲ, ಬಣ್ಣ ಬಯಲಾಗುತ್ತದೆ. ಗೇಮಿನಲ್ಲಿ ಗೋಡೆ ಬಹುಮಟ್ಟಿಗೆ ಚಪ್ಪಟೆಯೇ, ಆದರೆ ಅದರ ಜೊತೆ ಇನ್ನೊಂದು ಗುಪ್ತ ಚಿತ್ರ ಇರುತ್ತದೆ. ಅದರಲ್ಲಿ ಬಣ್ಣದ ಬದಲು 'ಈ ಚುಕ್ಕೆ ಯಾವ ದಿಕ್ಕಿಗೆ ಮುಖ ಮಾಡಿದೆ' ಎಂಬ ವೆಕ್ಟರ್ ಬರೆದಿಡುತ್ತಾರೆ. ಬೆಳಕು ಬಂದಾಗ ಅದೇ ಡಾಟ್ ಪ್ರಾಡಕ್ಟ್ ನಡೆದು, ಇಲ್ಲದ ಉಬ್ಬುತಗ್ಗು ಹೊಳೆದು ಮಂಕಾಗುತ್ತದೆ. ಇದಕ್ಕೆ ನಾರ್ಮಲ್ ಮ್ಯಾಪ್ ಎನ್ನುತ್ತಾರೆ. ನಮ್ಮ ಕಿನ್ನಾಳದ ಚಿತ್ರಗಾರರೂ ಹಗುರ ಮರದ ಮೇಲೆ ಲೇಪ ಹಚ್ಚಿ ಆಭರಣದ ಉಬ್ಬು ತರುತ್ತಾರೆ. ಅವರ ಉಬ್ಬು ಕೈಗೆ ತಾಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಆಟ ಮುಗಿದ ಮೇಲೆ ಹೆಸರುಗಳು ಬರಲು ಶುರುವಾದವು. ಬರುತ್ತಲೇ ಇದ್ದವು. ನನ್ನನ್ನು ಕರೆದೊಯ್ಯಲು ಬಂದಿದ್ದ ಅಬ್ಬಾ ಬಾಗಿಲಲ್ಲೇ ನಿಂತು ನೋಡಿದರು. ಅವರು ಲಾರಿ ನಡೆಸುವವರು, ಆಟವೆಂದರೆ ಹೊಟ್ಟೆ ತುಂಬದ ಕೆಲಸ ಎಂಬುದು ಅವರ ಅಭಿಪ್ರಾಯ. "ಇಷ್ಟೂ ಮಂದಿಗೆ ಪಗಾರ ಕೊಡ್ತಾರೇನು?" ಎಂದು ಕೇಳಿದರು. ಕೊಡುತ್ತಾರೆ ಎಂದೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಮಾಡಿದ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಇದೂ ಹಾಗೆಯೇ ಎಂದೂ ಹೇಳಿದೆ. ಅಬ್ಬಾ ಏನೂ ಹೇಳಲಿಲ್ಲ. ಆದರೆ ಪಿಯುಸಿ ಆದ ಮೇಲೆ ಏನು ಎಂಬ ಮಾತು ಬಂದಾಗ ಈಗ ಮೊದಲಿನಂತೆ 'ಅದೆಲ್ಲ ಬೇಡ' ಎಂದು ಅಲ್ಲಿಗೇ ನಿಲ್ಲಿಸುವುದಿಲ್ಲ.

ಈಚಿನ ಬೆರಗು ರೇ ಟ್ರೇಸಿಂಗ್. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಯೂಕ್ಲಿಡ್, ಟಾಲೆಮಿ ತಿಳಿದಿದ್ದರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಥಮ್ 11ನೇ ಶತಮಾನದಲ್ಲಿ 'ಕಿತಾಬ್ ಅಲ್-ಮನಾಝಿರ್' ಬರೆದು ಅದನ್ನು ತಳ್ಳಿಹಾಕಿದರು: ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ. ತಮಾಷೆ ನೋಡಿ, ಕಂಪ್ಯೂಟರ್ ಹಳೆಯ ತಪ್ಪು ದಾರಿಯನ್ನೇ ಹಿಡಿಯುತ್ತದೆ. ಸೂರ್ಯನಿಂದ ಹೊರಟ ಕಿರಣಗಳಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಬರುವುದೇ ಇಲ್ಲ, ಅವನ್ನೆಲ್ಲ ಎಣಿಸುವುದು ದಂಡ. ಅದಕ್ಕೇ ಕಣ್ಣಿನಿಂದ ಹಿಂದಕ್ಕೆ ಕಿರಣ ಬಿಟ್ಟು, ಅದು ಯಾವುದಕ್ಕೆ ತಾಗಿ ಯಾವ ದೀಪ ಮುಟ್ಟುತ್ತದೆ ಎಂದು ನೋಡುತ್ತಾರೆ. ದಾರಿ ಅದೇ, ನಡೆಯುವ ದಿಕ್ಕು ಮಾತ್ರ ಉಲ್ಟಾ. ಟರ್ನರ್ ವಿಟೆಡ್ 1980ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದಾಗ ಒಂದು ಚಿತ್ರಕ್ಕೆ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. 2018ರಿಂದ ಆಟ ನಡೆಯುತ್ತಿರುವಾಗಲೇ ಈ ಲೆಕ್ಕ ಮಾಡುವ ಕಾರ್ಡುಗಳು ಮಾರುಕಟ್ಟೆಗೆ ಬಂದಿವೆ. ಅವುಗಳ ಬೆಲೆ ಮಾತ್ರ ಕೇಳಬೇಡಿ.

ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಬೃಹತ್ ಶಿಲಾಯುಗದ ಕಲ್ಮನೆಗಳನ್ನು, ಆನೆಗೊಂದಿಯ ಬಂಡೆಗಳನ್ನು ನಾವೇ ಪರದೆಗೆ ತರಬಹುದೇ? ಒಂದು ವಸ್ತುವನ್ನು ಸುತ್ತಲಿಂದ ಹತ್ತಾರು ಫೋಟೊ ತೆಗೆದು ಕೊಟ್ಟರೆ ಅದರ ಆಕಾರವನ್ನು ಕಟ್ಟಿಕೊಡುವ ಉಚಿತ ಸಾಫ್ಟ್‌ವೇರ್‌ಗಳು ಇವೆ. ಗುಡ್ಡಕ್ಕೆ ಹೋಗುವ ಮೊದಲು ಮನೆಯಲ್ಲೇ ಶುರು ಮಾಡಿದ್ದೇನೆ. ದಾದಿಯ ಬೀಸುಕಲ್ಲನ್ನು ಅಂಗಳದಲ್ಲಿಟ್ಟು ಅರವತ್ತು ಫೋಟೊ ತೆಗೆದೆ, ಖಾಲಾ ಅವರ ಮಗನ ಕಂಪ್ಯೂಟರ್ ರಾತ್ರಿಯಿಡೀ ಓಡಿತು. ಬೆಳಿಗ್ಗೆ ಕಲ್ಲು ಪರದೆಯ ಮೇಲೆ ತಿರುಗುತ್ತಿತ್ತು, ಹಿಡಿಕೆಯ ಸವಕಲು ಸಮೇತ. ಒಂದು ಕಡೆ ಬಿಸಿಲಿನ ನೆರಳೂ ಕಲ್ಲಿಗೆ ಬಣ್ಣವಾಗಿ ಅಂಟಿಕೊಂಡು ಬಂದಿದೆ. ಮೋಡ ಕವಿದ ದಿನ ಇನ್ನೊಮ್ಮೆ ತೆಗೆಯಬೇಕು.