ಹೊಟ್ಟೆಯ ಗೋಡೆಗೆ ಯಾವ ತೇಪೆ?

ಹಂಪಸಾಗರದ ಸೈಕಲ್ ಅಂಗಡಿಯಲ್ಲಿ ನಮ್ಮ ವಿದ್ಯಾರ್ಥಿಗಳು ಕಂಡಿರಬಹುದಾದ ಒಂದು ಸಂಗತಿಯುಂಟು. ಟೈರು ಒಂದೆಡೆ ಬಿರಿದರೆ ಒಳಗಿನ ಟ್ಯೂಬು ಅಲ್ಲಿಂದ ಗುಳ್ಳೆಯಂತೆ ಹೊರಕ್ಕೆ ಉಬ್ಬುತ್ತದೆ. ದೋಷವಿರುವುದು ಟ್ಯೂಬಿನಲ್ಲಲ್ಲ, ಅದನ್ನು ತಡೆದು ಹಿಡಿಯಬೇಕಾದ ಗೋಡೆಯಲ್ಲಿ. ತೊಡೆಸಂದಿನ ಹರ್ನಿಯಾ, ಎಂದರೆ ಅಂತ್ರವೃದ್ಧಿ, ಇಂಥದೇ. ಗಂಡಸರಲ್ಲಿ ವೃಷಣಕ್ಕೆ ಸಂಬಂಧಿಸಿದ ನಾಳಗಳು ಹೊಟ್ಟೆಯ ಗೋಡೆಯನ್ನು ದಾಟುವ ಸ್ಥಳ ಸ್ವಭಾವತಃ ದುರ್ಬಲ. ಕೆಮ್ಮಿದಾಗಲೋ ಮೂಟೆ ಎತ್ತಿದಾಗಲೋ ಕರುಳು ಅಲ್ಲಿ ಹೊರಗಿಣುಕುತ್ತದೆ. ಅದು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ ಪ್ರಾಣಕ್ಕೇ ಅಪಾಯ.

1880ರ ದಶಕದಲ್ಲಿ ಇಟಲಿಯ ಬಸ್ಸೀನಿ ಎಂಬ ವೈದ್ಯನು ರಂಧ್ರದ ಅಂಚುಗಳನ್ನು ಎಳೆದು ಹೊಲಿಯುವ ಕ್ರಮವನ್ನು ರೂಢಿಗೆ ತಂದನು. ಆದರೆ ಬಿಗಿಯಾಗಿ ಎಳೆದು ಹೊಲಿದ ಬಟ್ಟೆ ಹೊಲಿಗೆಯ ಪಕ್ಕದಲ್ಲೇ ಹರಿಯುವುದನ್ನು ಯಾರು ಕಂಡಿಲ್ಲ? 1950ರ ದಶಕದ ಕೊನೆಗೆ ಅಮೆರಿಕದ ಅಷರ್ ಪ್ಲಾಸ್ಟಿಕ್ ಬಲೆಯ ತೇಪೆಯನ್ನು ಬಳಸಿದನು. 1980ರ ದಶಕದಲ್ಲಿ ಲಿಕ್ಟೆನ್‌ಸ್ಟೈನ್, ಅಂಚುಗಳನ್ನು ಎಳೆಯದೆಯೇ ಬಲೆಯನ್ನು ಹಾಸುವ ವಿಧಾನವನ್ನು ಪ್ರಚಾರಕ್ಕೆ ತಂದನು.

ಈ ತೇಪೆ ಎಷ್ಟು ಗಟ್ಟಿಯಿರಬೇಕು? ಲಾಪ್ಲಾಸನ ನಿಯಮದಿಂದ ನಾವೇ ಲೆಕ್ಕ ಹಾಕಬಹುದು. ಹೊಟ್ಟೆಯನ್ನು 32 ಸೆಂ.ಮೀ. ವ್ಯಾಸದ ಗೋಳವೆಂದು ಭಾವಿಸೋಣ. ಜೋರಾದ ಕೆಮ್ಮಿನಲ್ಲಿ ಒಳಗಿನ ಒತ್ತಡ ಸುಮಾರು 20 ಕಿಲೋಪಾಸ್ಕಲ್ ಮುಟ್ಟುತ್ತದೆ ಎನ್ನೋಣ. ಒತ್ತಡವನ್ನು ವ್ಯಾಸದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಸೆಂಟಿಮೀಟರಿಗೆ 16 ನ್ಯೂಟನ್ ಬರುತ್ತದೆ. ಎಂದರೆ ಒಂದು ಸೆಂ.ಮೀ. ಅಗಲದ ಪಟ್ಟಿಗೆ ಸುಮಾರು ಒಂದೂವರೆ ಕಿಲೋ ತೂಗಿಬಿಟ್ಟಂತೆ. ಪಾಲಿಪ್ರೊಪಿಲೀನಿನ ಹಳೆಯ ದಪ್ಪ ಬಲೆಗಳು ಇದರ ಹಲವು ಪಟ್ಟನ್ನು ತಡೆಯಬಲ್ಲವು. ಅಗತ್ಯಕ್ಕಿಂತ ಹೆಚ್ಚಿನ ಈ ಬಲ ಗುಣವೇನಲ್ಲ; ಪ್ಲಾಸ್ಟಿಕ್ ಹೆಚ್ಚಿದಷ್ಟೂ ಗಾಯದ ಕಲೆ ಹೆಚ್ಚಿ ಗೋಡೆ ಬಿರುಸಾಗುತ್ತದೆ. ಆದುದರಿಂದ ಈಗ ತೆಳುವಾದ, ದೊಡ್ಡ ಕಣ್ಣಿನ ಬಲೆಗಳೂ ಬಂದಿವೆ. ಬಲೆಯ ಕಣ್ಣಿನ ಮೂಲಕ ದೇಹದ ಅಂಗಾಂಶ ಬೆಳೆದು ತೇಪೆಯನ್ನು ಗೋಡೆಯೊಡನೆ ಒಂದಾಗಿಸುತ್ತದೆ. ಸಂದುಗಳು ತೀರ ಕಿರಿದಾದರೆ ರೋಗಾಣುಗಳು ಅಲ್ಲಿ ಅಡಗುತ್ತವೆ; ಅವನ್ನು ನುಂಗುವ ರಕ್ಷಕ ಕಣಗಳು ಒಳಹೋಗಲಾರವು.

ಜೈವಿಕ ಜಾಲದ ಮಾತೇ ಬೇರೆ. ಹಂದಿಯ ಕರುಳಿನ ಪೊರೆ, ಹಂದಿಯ ಇಲ್ಲವೇ ಮನುಷ್ಯನ ಚರ್ಮ, ದನದ ಹೃದಯದ ಹೊದಿಕೆ ಇವುಗಳಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಕೊಲಾಜನ್ ಎಂಬ ನಾರಿನ ಚೌಕಟ್ಟನ್ನು ಮಾತ್ರ ಉಳಿಸುತ್ತಾರೆ. ದೇಹವು ಅದನ್ನು ಕ್ರಮೇಣ ಕರಗಿಸಿ ಆ ಜಾಗದಲ್ಲಿ ತನ್ನದೇ ನಾರನ್ನು ನೇಯಬೇಕು ಎಂಬುದು ಆಶಯ. ಸುಂದರವಾದ ಕಲ್ಪನೆಯೇನೋ ನಿಜ! ಆದರೆ ಕರಗುವ ವೇಗ ನೇಯುವ ವೇಗವನ್ನು ಮೀರಿದರೆ ಗೋಡೆ ಮತ್ತೆ ಸೋಲುತ್ತದೆ. ಬೆಲೆಯೂ ಹಲವು ಪಟ್ಟು ಹೆಚ್ಚು. ಸಾಮಾನ್ಯ ಹರ್ನಿಯಾಕ್ಕೆ ಸಂಶ್ಲೇಷಿತ ಬಲೆಯೇ ಸಾಕೆಂದು ನಮಗೆ ತೋರುತ್ತದೆ. ವೈದ್ಯಕೀಯ ಮಾರ್ಗಸೂಚಿಗಳ ಒಲವೂ ಅತ್ತಲೇ. ಸೋಂಕು ತಗುಲಿದ ಗಾಯದಲ್ಲಿ ಜೈವಿಕ ಜಾಲವನ್ನು ಯೋಚಿಸುವುದುಂಟು, ಅಲ್ಲಿಯೂ ಅದರ ಮೇಲುಗೈ ನಿರ್ವಿವಾದವಲ್ಲ.

ಬೆಲೆಯ ಪ್ರಶ್ನೆಗೆ ನಮ್ಮ ನೆರೆಯ ಮಹಾರಾಷ್ಟ್ರದಿಂದ ಒಂದು ಸೊಗಸಾದ ಉತ್ತರ ಬಂದಿತು. ಧುಳೆ ಜಿಲ್ಲೆಯ ದೊಂಡಾಯಿಚಾ ಊರಿನ ಡಾ. ಟೋಂಗಾಂವ್ಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನು ಕತ್ತರಿಸಿ, ಶುದ್ಧಿಗೊಳಿಸಿ ಹರ್ನಿಯಾಕ್ಕೆ ಬಳಸಿ, 2003ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. 2016ರಲ್ಲಿ ವರದಿಯಾದ ಉಗಾಂಡದ ಪ್ರಯೋಗದಲ್ಲಿ 302 ಗಂಡಸರಿಗೆ ಸೊಳ್ಳೆಪರದೆಯ ಬಲೆಯನ್ನೋ ದುಬಾರಿ ಬಲೆಯನ್ನೋ ಚೀಟಿಯೆತ್ತಿದಂತೆ ಹಂಚಿ ಹಾಕಲಾಯಿತು. ಒಂದು ವರ್ಷದಲ್ಲಿ ಹರ್ನಿಯಾ ಮರುಕಳಿಸಿದ್ದು ಅಗ್ಗದ ಬಲೆಯವರಲ್ಲಿ ಒಬ್ಬನಿಗೆ, ದುಬಾರಿ ಬಲೆಯವರಲ್ಲಿ ಯಾರಿಗೂ ಇಲ್ಲ. ಆದರೆ ಮನೆಯ ಪರದೆಗೆ ಕತ್ತರಿ ಹಾಕುವಂತಿಲ್ಲ: ಅದಕ್ಕೆ ಕೀಟನಾಶಕ ಸವರಿರಬಹುದು. ಪಾಲಿಎಥಿಲೀನಿನ ಪರದೆಯನ್ನು ಹಬೆಯಲ್ಲಿ ಶುದ್ಧಿಗೊಳಿಸುವಾಗ ಉಷ್ಣತೆಯನ್ನು 121 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲೇ ತಡೆಯಬೇಕು. ಅದನ್ನು ಬಹಳ ಮೀರಿದರೆ ಎಳೆಗಳು ಮೆತ್ತಗಾಗಿ ಮುದುರಿಹೋಗುತ್ತವೆ.