ಕುಬ್ಜನ ಸುತ್ತ ಕಾದ ಸುಳಿ

1985ರ ಜನವರಿ ಕೊನೆಯ ವಾರ ಆರ್‌ಎಸ್ ಓಫಿಯೂಕಿ ಎಂಬ ಜೋಡಿ ನಕ್ಷತ್ರ ಸಿಡಿಯಿತು. 1898ರಿಂದ ಮತ್ತೆ ಮತ್ತೆ ಸಿಡಿಯುತ್ತ ಬಂದ ಜೋಡಿ ಅದು. ಕಾವಲೂರಿನ ದೂರದರ್ಶಕದಲ್ಲಿ ಸಿಕ್ಕ ಅದರ ರೋಹಿತಗಳನ್ನು ವಿಶ್ಲೇಷಿಸಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ಟಿ.ಪಿ. ಪ್ರಭು 1989ರಲ್ಲಿ ಫಲಿತಾಂಶ ಪ್ರಕಟಿಸಿದರು.

ಈ ಜೋಡಿಯಲ್ಲಿ ಒಂದು ಉಬ್ಬಿದ ಕೆಂಪು ದೈತ್ಯ. ಇನ್ನೊಂದು ಶ್ವೇತಕುಬ್ಜ, ಗಾತ್ರದಲ್ಲಿ ಭೂಮಿಗೂ ಚಿಕ್ಕದು, ತೂಕದಲ್ಲಿ ಸೂರ್ಯನನ್ನು ಮೀರಿಸುವಂಥದ್ದು. ದೈತ್ಯ ಕಳೆದುಕೊಂಡ ಅನಿಲ ಕುಬ್ಜನ ಮೇಲೆ ನೇರ ಬೀಳದು. ಗಲಗಲಿಯಲ್ಲಿ ತುಂಬಿ ಹರಿಯುವ ಕೃಷ್ಣೆಯ ಸುಳಿಯ ಹಾಗೆ, ಸುತ್ತುತ್ತಲೇ ಒಳಗಿಳಿಯುತ್ತದೆ. ಇಳಿದಷ್ಟೂ ವೇಗ ಹೆಚ್ಚು. ಪದರಕ್ಕೆ ಪದರ ತಿಕ್ಕಿ ಕಾಯುತ್ತದೆ. ಇದು ಸಂಚಯನ ತಟ್ಟೆ. ಅದರ ಮೂಲಕ ಕುಬ್ಜನ ಮೈಮೇಲೆ ಜಮೆಯಾದ ಜಲಜನಕ ಒಂದು ಮಿತಿ ದಾಟಿದಾಗ ಒಮ್ಮೆಲೇ ಬೈಜಿಕವಾಗಿ ಹೊತ್ತಿಕೊಳ್ಳುತ್ತದೆ.

ಆ ತಟ್ಟೆ ದೂರದರ್ಶಕಕ್ಕೆ ತಟ್ಟೆಯಾಗಿ ಕಾಣದು, ಎಲ್ಲ ಸೇರಿ ಒಂದೇ ಚುಕ್ಕಿ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ರೋಹಿತದಲ್ಲಿ ಮಾತ್ರ ಒಳಗಿನ ಚಲನೆ ತಿಳಿಯುತ್ತದೆ. ನಮ್ಮತ್ತ ಬರುವ ಅನಿಲದ ರೇಖೆ ನೀಲಿಯ ಕಡೆಗೆ, ದೂರ ಸರಿಯುವುದರದ್ದು ಕೆಂಪಿನ ಕಡೆಗೆ ಜರುಗುತ್ತದೆ. ರೇಖೆಯ ಅಗಲವೇ ವೇಗದ ಅಳತೆ. 1985ರ ಸ್ಫೋಟದಲ್ಲಿ ಮೊದಲು ಬಲು ಅಗಲವಾಗಿದ್ದ ರೇಖೆಗಳು ವಾರ ಕಳೆದಂತೆ ಕಿರಿದಾದವು: ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸಿಡಿದ ಅನಿಲ ದೈತ್ಯನ ಗಾಳಿಗೆ ಬಡಿದು ನಿಧಾನವಾಗುತ್ತಿತ್ತು.

ನನಗೆ ಸ್ಫೋಟಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆನಿಸುವುದು ನಡುವಿನ ಮೌನದ ವರ್ಷಗಳ ಕೆಲಸ. ಸುದ್ದಿಯಾಗದ ಆ ಕಾಲದಲ್ಲೂ ಅನುಪಮಾ ಇಂಥ ಜೋಡಿಗಳ ರೋಹಿತ ಪಡೆಯುವುದನ್ನು ಬಿಡಲಿಲ್ಲ. ಪೋಲೆಂಡಿನ ಯೊಆನಾ ಮಿಕೊಲಾಯೆವ್ಸ್ಕಾ ಜೊತೆ 1999ರಲ್ಲಿ ಬರೆದ ಪ್ರಬಂಧದಲ್ಲಿ, ಕುಬ್ಜನ ಕಡೆಯ ಬೆಳಕಿನ ಏರಿಳಿತಕ್ಕೆ ಅನಿಲ ಬೀಳುವ ಪ್ರಮಾಣದ ಏರಿಳಿತವೇ ಕಾರಣವೆಂದು ತೋರಿಸಿದರು. 2006ರ ಫೆಬ್ರುವರಿಯಲ್ಲಿ ಆರ್‌ಎಸ್ ಓಫಿಯೂಕಿ ಮತ್ತೆ ಸಿಡಿದಾಗ, ಅನಿಲ ಬೀಳುವಾಗ ಕಾಣುವ ತಟ್ಟೆಯ ಮಿನುಗು ನಿಂತೇಹೋಗಿತ್ತು. 241ನೇ ದಿನಕ್ಕೆ ಅದು ಮರಳಿದ್ದನ್ನು ದಕ್ಷಿಣ ಆಫ್ರಿಕಾದಿಂದ ನೋಡಿದ ವೀಕ್ಷಕರು ಕಂಡರು. ಅಷ್ಟರೊಳಗೆ ಅನಿಲ ಬೀಳುವುದು ಮತ್ತೆ ಶುರುವಾಗಿತ್ತು! 2021ರ ಆಗಸ್ಟಿನಲ್ಲಿ ಮತ್ತೊಂದು ಸ್ಫೋಟ.

1999ರ ಆ ಪ್ರಬಂಧದಲ್ಲೇ ಇದ್ದ ಇನ್ನೊಂದು ಜೋಡಿ ಟಿ ಕರೋನಾ ಬೊರಿಯಾಲಿಸ್. 1866 ಮತ್ತು 1946ರಲ್ಲಿ ಸಿಡಿದದ್ದು. ಮುಂದಿನ ಸ್ಫೋಟವನ್ನು ಖಗೋಳಜ್ಞರು 2024ರಿಂದಲೇ ಎದುರುನೋಡತೊಡಗಿದರು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ, ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವ 2 ಮೀಟರಿನ ಚಂದ್ರ ದೂರದರ್ಶಕದ ರೋಹಿತದರ್ಶಕ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗಲಗಲಿಯವರಿಗೆ ಕಣ್ಣೇ ಸಾಕು. ಜೂನ್ ಮಧ್ಯದಲ್ಲಿ ಮೋಡ ಸರಿದ ರಾತ್ರಿ, ಹತ್ತೂವರೆಯ ಸುಮಾರಿಗೆ, ನೆತ್ತಿಯಿಂದ ತುಸು ಉತ್ತರಕ್ಕೆ, ಸ್ವಾತಿಯಿಂದ ಅಭಿಜಿತ್ ಕಡೆಗೆ ಹೋಗುವ ದಾರಿಯಲ್ಲಿ ಅರ್ಧವರ್ತುಲವಾಗಿ ನಿಂತ ಚಿಕ್ಕಿಗಳ ಗುಂಪು, ಕರೋನಾ ಬೊರಿಯಾಲಿಸ್, ಸಿಗುತ್ತದೆ. ಅದರ ಪಕ್ಕದ ಖಾಲಿ ಜಾಗದಲ್ಲಿ ಧ್ರುವನಷ್ಟು ಬೆಳಗುವ ಹೊಸ ಚಿಕ್ಕಿ ಕಂಡರೆ ಮನೆಮಂದಿಯನ್ನೆಲ್ಲ ಆಗಲೇ ಕರೆಯಿರಿ. ಬರಿಗಣ್ಣಿಗೆ ಅದು ನಿಲ್ಲುವುದು ಒಂದು ವಾರದ ಮಟ್ಟಿಗೆ.