ಏಕೀಕೃತ ಈಥರ್ನೆಟ್ಟಿನಲ್ಲಿ ಆದ್ಯತೆ, ಪಾಲು ಮತ್ತು ತಡೆ

ಪುಣೆಯ ಉತ್ತರಕ್ಕೆ ಸುಮಾರು 80 ಕಿಲೋಮೀಟರು ದೂರದ ಖೋಡದದಲ್ಲಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕವು 45 ಮೀಟರು ವ್ಯಾಸದ 30 ಆಂಟೆನಾಗಳ ಸಮೂಹ. ಅದರ ನವೀಕೃತ ವ್ಯವಸ್ಥೆಯಲ್ಲಿ ಅಂಕೀಕೃತ ಸಂಕೇತಗಳು 10 ಗಿಗಾಬಿಟ್ ಈಥರ್ನೆಟ್ ಮೂಲಕ ಗಣಕಗಳನ್ನು ಸೇರುತ್ತವೆ. ಗಣಕಗಳ ಪರಸ್ಪರ ವಿನಿಮಯ ಮಾತ್ರ ಇನ್ಫಿನಿಬ್ಯಾಂಡ್ ಎಂಬ ಬೇರೆ ಜಾಲದಲ್ಲಿ ನಡೆಯುತ್ತದೆ. ಆಕಾಶವು ಒಮ್ಮೆ ಕಳುಹಿಸಿದ್ದನ್ನು ಮತ್ತೆ ಕಳುಹಿಸದು. ಆದುದರಿಂದ ದತ್ತಾಂಶದ ನಷ್ಟ ಇಲ್ಲಿ ಸಣ್ಣ ವಿಷಯವಲ್ಲ.

ಇಂತಹ ಪ್ರತ್ಯೇಕ ಜಾಲಗಳ ಬದಲಿಗೆ ಎಲ್ಲ ಸಂಚಾರವನ್ನೂ ಒಂದೇ ಈಥರ್ನೆಟ್ಟಿನಲ್ಲಿ ಒಯ್ಯುವುದಾದರೆ ಸ್ವಿಚ್ಚು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ. ಸಾಮಾನ್ಯ ಸ್ವಿಚ್ಚು ತನ್ನ ಸ್ಮೃತಿ ತುಂಬಿದಾಗ ಬಂದ ಫ್ರೇಮನ್ನು ಕೈಬಿಡುತ್ತದೆ. ಇ-ಮೇಲಿಗೆ ಇದರಿಂದ ಬಾಧೆಯಿಲ್ಲ, ಅದನ್ನು ಪುನಃ ಕಳುಹಿಸಲಾಗುತ್ತದೆ. ಡಿಸ್ಕ್ ಸಂಗ್ರಹದ ಸಂಚಾರವಾದರೋ ಇಂತಹ ನಷ್ಟವನ್ನು ಸಹಿಸದು.

ವಿಎಲ್‌ಎಎನ್ ಟ್ಯಾಗ್ ಹೊತ್ತ ಪ್ರತಿ ಫ್ರೇಮಿನ ಶಿರೋಭಾಗದಲ್ಲಿ ಆದ್ಯತೆಗೆಂದು 3 ಬಿಟ್‌ಗಳಿವೆ. ಹಾಗಾಗಿ 0ಯಿಂದ 7ರವರೆಗೆ 8 ದರ್ಜೆಗಳು ಸಾಧ್ಯ. ದರ್ಜೆಯನ್ನು ಗುರುತಿಸಿದ ಮೇಲೆ ಏನು ಮಾಡಬೇಕೆಂಬುದಕ್ಕೆ 2011ರ ಐಇಇಇ ಮಾನಕಗಳು ಎರಡು ಸಾಧನಗಳನ್ನು ಒದಗಿಸಿದವು: ಒಂದು ಪಾಲು, ಇನ್ನೊಂದು ತಡೆ. ಇವೆರಡನ್ನೂ ‘ಆದ್ಯತೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ರೂಢಿಯೇ ಗೊಂದಲದ ಮೂಲವೆಂದು ನಮ್ಮ ಅಭಿಪ್ರಾಯ.

ಪಾಲಿನ ವಿಷಯ ಸರಳ. 10 ಗಿಗಾಬಿಟ್ಟಿನ ಕೊಂಡಿಯಲ್ಲಿ ಸಂಗ್ರಹಕ್ಕೆ ಶೇಕಡಾ 50, ಗಣನೆಗೆ 30, ಉಳಿದುದಕ್ಕೆ 20 ಎಂದು ವಿಧಿಸಿದರೆ ದಟ್ಟಣೆಯ ಹೊತ್ತಿನಲ್ಲಿ ಕ್ರಮವಾಗಿ 5, 3, 2 ಗಿಗಾಬಿಟ್ ಖಚಿತ. ಒಬ್ಬರು ಬಳಸದ ಪಾಲು ಇತರರಿಗೆ ಸಲ್ಲುತ್ತದೆ. ಕೆರೆಯ ನೀರುಗಂಟಿಯ ಕಾಯಕವನ್ನು ಬಲ್ಲವರಿಗೆ ಇದು ಹೊಸತೆನಿಸದು.

ತಡೆ ಸೂಕ್ಷ್ಮವಾದುದು. ಸ್ಮೃತಿ ಒಂದು ಮಿತಿಯನ್ನು ಮುಟ್ಟಿದೊಡನೆ ಸ್ವಿಚ್ಚು ಆ ದರ್ಜೆಯೊಂದನ್ನು ಮಾತ್ರ ನಿಲ್ಲಿಸುವಂತೆ ಹಿಂದಿನ ಗಣಕಕ್ಕೆ ತಿಳಿಸುತ್ತದೆ. ಆದರೆ ಅಷ್ಟರಲ್ಲಿ ಹೊರಟುಬಿಟ್ಟದ್ದು ಬಂದೇ ಬರುತ್ತದೆ. 100 ಮೀಟರು ತಂತಿಯಲ್ಲಿ ಹೋಗಿಬರಲು ಸುಮಾರು 1 ಮೈಕ್ರೋಸೆಕೆಂಡು ಬೇಕು. ಆ ಅವಧಿಯಲ್ಲಿ 10,000 ಬಿಟ್‌ಗಳು, ಎಂದರೆ 1,250 ಬೈಟ್‌ಗಳು ಬಂದಿಳಿಯುತ್ತವೆ. ಎರಡೂ ತುದಿಗಳಲ್ಲಿ ಅರ್ಧ ಸಾಗಿದ ಫ್ರೇಮುಗಳು ಇದಕ್ಕೆ ಹೊರತು. ಇಷ್ಟಕ್ಕೂ ಸ್ಥಳವನ್ನು ಮೊದಲೇ ಕಾದಿರಿಸಬೇಕು. ಇನ್ಫಿನಿಬ್ಯಾಂಡಿನ ಕ್ರಮ ಇದಕ್ಕೆ ವಿರುದ್ಧ: ಅಲ್ಲಿ ಸ್ಥಳವಿದೆಯೆಂದು ಸ್ವೀಕರ್ತೃ ತಿಳಿಸಿದ ಮೇಲೆಯೇ ದತ್ತಾಂಶ ಹೊರಡುತ್ತದೆ.

ಎಲ್ಲ ದರ್ಜೆಗಳಿಗೂ ತಡೆಯ ರಕ್ಷಣೆ ಕೊಡುವ ಆಸೆ ಸಹಜ, ಆದರೆ ಅಪಾಯಕರ. ಒಂದು ಗಣಕ ನಿಧಾನವಾದರೆ ತಡೆಯು ಸ್ವಿಚ್ಚಿನಿಂದ ಸ್ವಿಚ್ಚಿಗೆ ಹಿಂದಕ್ಕೆ ಏರುತ್ತ ಹೋಗಿ, ಸಂಬಂಧವೇ ಇಲ್ಲದ ಸಂಚಾರವನ್ನೂ ನಿಲ್ಲಿಸಬಲ್ಲದು. ಹಾಗಾಗಿ ಒಂದೆರಡು ದರ್ಜೆಗಳಿಗಷ್ಟೇ ಇದನ್ನು ಮೀಸಲಿಟ್ಟು, ಉಳಿದವು ಫ್ರೇಮು ಕಳೆದುಕೊಳ್ಳಲು ಬಿಡುವುದು ಮೇಲು. ಕೊಂಡಿಯ ಎರಡೂ ತುದಿಗಳಲ್ಲಿ ದರ್ಜೆಗಳ ವಿಂಗಡಣೆ ಒಂದೇ ಆಗಿರಬೇಕು. ಹೊಂದದಿದ್ದಲ್ಲಿ ತಡೆಯ ಆಜ್ಞೆ ತಲುಪಿಯೂ ಬೇರೊಂದು ದರ್ಜೆಯೇ ನಿಲ್ಲುತ್ತದೆ.